ಉಗ್ರಾಣದ ಮಗ್ಗುಲಿಗೆ ತಗಡಿನ ಮಾಡು

(ಹಿಡುವಳಿದಾರರೂ ಗ್ರಾಮದ ಯಜಮಾನರೂ ಕೂಡಿದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಸುಗ್ಗಿ ಮುಗಿದು ಧಾನ್ಯವು ಕಣದಿಂದ ಮನೆಗೆ ಬಂದಿತೆಂದರೆ ರೈತನಿಗೆ ಒಂದು ಚಿಂತೆ ತೀರಿ ಮತ್ತೊಂದು ಚಿಂತೆ ಮೊದಲಾಗುವುದು. ಬೆಳೆದುದನ್ನು ಕೆಡದಂತೆ ಇಡುವುದೆಲ್ಲಿ? ಬಹುಮಂದಿ ರೈತರ ಉಗ್ರಾಣಗಳನ್ನು ನೋಡಿದರೆ ರಾಗಿಯ ಚೀಲಗಳ ಮೇಲೆ ಹಗ್ಗದ ಸುರುಳಿ, ಗೋಡೆಗೆ ಒರಗಿಸಿದ ನೇಗಿಲು ಮತ್ತು ಕೂರಿಗೆ, ಒಂದು ಮೂಲೆಯಲ್ಲಿ ರಸಗೊಬ್ಬರದ ಮೂಟೆ, ಇನ್ನೊಂದು ಮೂಲೆಯಲ್ಲಿ ಹಿಂಡಿ, ಇವೆಲ್ಲವೂ ಒಂದರ ಮೇಲೊಂದಾಗಿ ತುಂಬಿರುವುವು. ಚೀಲಗಳ ನಡುವೆ ಗಾಳಿ ಆಡಲು ಎಡೆಯಿಲ್ಲ. ಇಲಿಯ ಬಿಲವನ್ನು ಹುಡುಕಲು ಮನುಷ್ಯನು ನುಗ್ಗುವಷ್ಟು ಜಾಗವಿಲ್ಲ. ಆಗ ಉಗ್ರಾಣದ ಮಗ್ಗುಲಿಗೆ ತಗಡಿನ ಮಾಡೊಂದನ್ನು ಇಳಿಸೋಣವೆಂಬ ಆಲೋಚನೆಯು ಸಹಜವಾಗಿ ಹುಟ್ಟುವುದು. ಆಲೋಚನೆಯು ಒಳ್ಳೆಯದೇ. ತಗಡು ಹಗುರ, ಬೇಗನೆ ಹೊದಿಸಬಹುದು, ಹುಲ್ಲಿನಂತೆ ಬೆಂಕಿ ಹತ್ತುವುದಿಲ್ಲ, ಹೆಂಚಿನಷ್ಟು ಮರವನ್ನು ಬೇಡುವುದಿಲ್ಲ.

ಆದರೆ ಹೀಗೆ ಕಟ್ಟಿದ ಎಷ್ಟೋ ಕಡೆಗಳಲ್ಲಿ ಒಂದೆರಡು ಮಳೆಗಾಲಗಳು ಕಳೆಯುವುದರೊಳಗೆ ಕಾಣುವುದೇನು? ಹೊಸ ಮಾಡಿನ ಕೆಳಗಿರುವ ಸಾಮಾನು ಒಣಗಿಯೇ ಇರುವುದು. ಹಳೆಯ ಉಗ್ರಾಣದೊಳಗೆ, ಆ ಮಗ್ಗುಲಿನ ಗೋಡೆಯ ಬುಡದಲ್ಲಿದ್ದ ಧಾನ್ಯವು ಮುಗ್ಗುಹಿಡಿದಿರುವುದು. ಹೊಸ ಮಾಡು ಹಳೆಯ ಗೋಡೆಯನ್ನು ಮುಟ್ಟುವ ಕಡೆಯಲ್ಲಿ ನೀರು ಇಳಿದು, ಮಣ್ಣಿನ ಗೋಡೆಯು ಅದನ್ನು ಹೀರಿ, ಒಳಗಿನ ಚೀಲಕ್ಕೆ ಮುಟ್ಟಿಸುವುದೇ ಇದಕ್ಕೆ ಕಾರಣ. ಸಾಮಾನಿಗೆ ನೆರಳು ಮಾಡಹೋಗಿ ವರ್ಷದ ಅನ್ನವನ್ನು ಕೆಡಿಸಿಕೊಂಡಂತೆ ಆಗುವುದು. ಆದಕಾರಣ ಹಳೆಯ ಗೋಡೆಯು ನೆನೆಯದಂತೆ ಹೊಸ ಮಾಡನ್ನು ಕಟ್ಟುವುದು ಹೇಗೆಂಬುದೇ ಈ ಉಪನ್ಯಾಸದ ಮುಖ್ಯ ವಿಷಯವು.

1. ಮಾಡು ಯಾವುದಕ್ಕಾಗಿ?

ಅಲೆಅಲೆಯಾದ ಕಬ್ಬಿಣದ ತಗಡಿಗೆ ಲಂಡನ್ ನಗರದಲ್ಲಿ ಹೆನ್ರಿ ರಾಬಿನ್‌ಸನ್ ಪಾಮರ್ ಎಂಬ ಎಂಜಿನಿಯರನು 1829ರಲ್ಲಿ ಹಕ್ಕುಪತ್ರ ಪಡೆದನು. ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟು ತುಕ್ಕನ್ನು ತಡೆಯುವ ಕ್ರಮಕ್ಕೆ ಫ್ರಾನ್ಸ್ ದೇಶದ ಸೊರೆಲ್ ಎಂಬವನು 1837ರಲ್ಲಿ ಹಕ್ಕುಪತ್ರ ಪಡೆದನು. ಈ ಎರಡೂ ಸೇರಿ ಹುಟ್ಟಿದುದೇ ಹಳ್ಳಿಯವರು ಸತುವಿನ ತಗಡು, ಜಿಂಕ್ ಶೀಟು ಎಂದು ಕರೆಯುವ ವಸ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆಯು ಮನೆಯ ಮಾಡುಗಳಿಗೆ ಉಪಕಾರ ಮಾಡಿದಂತೆ, ಈ ತಗಡು ಕೊಟ್ಟಿಗೆ ಕಣಗಳಿಗೆ ಉಪಕಾರ ಮಾಡಿರುವುದು.

ಆದರೆ ಹೆಂಚಿನ ಗುಣವು ತಗಡಿಗಿಲ್ಲ. ತಗಡು ಹಗಲಿನಲ್ಲಿ ಕಾದು ರಾತ್ರಿಯಲ್ಲಿ ಬೇಗನೆ ತಣ್ಣಗಾಗುವುದು. ಧಾನ್ಯಕ್ಕೆ ಬೇಕಾದುದು ಹೆಚ್ಚು ಏರಿಳಿತವಿಲ್ಲದ ತಂಪು. ದಪ್ಪ ಗೋಡೆಯೂ ಹೆಂಚಿನ ಮಾಡೂ ಉಳ್ಳ ಹಳೆಯ ಉಗ್ರಾಣವೇ ಅದಕ್ಕೆ ತಕ್ಕ ಸ್ಥಳ. ಆದುದರಿಂದ ಗಾಡಿ, ನೇಗಿಲು, ಕುಂಟೆ, ಟಿಲ್ಲರು, ಹಗ್ಗ, ಸೌದೆ ಇವುಗಳನ್ನು ತಗಡಿನ ಮಾಡಿನ ಕೆಳಗೆ ಸಾಗಿಸಿ, ಹಳೆಯ ಉಗ್ರಾಣವನ್ನು ಧಾನ್ಯಕ್ಕೇ ಬಿಡತಕ್ಕುದು. ರಸಗೊಬ್ಬರವನ್ನು ಹೊಸ ಮಾಡಿಗೆ ತರಬಹುದಾದರೂ ಚೀಲವು ತಗಡಿಗಾಗಲಿ ಕಬ್ಬಿಣದ ಕಂಬಕ್ಕಾಗಲಿ ತಗುಲಕೂಡದು. ಗೊಬ್ಬರದ ಉಪ್ಪು ತೇವವನ್ನು ಎಳೆದುಕೊಂಡು ಲೋಹವನ್ನು ತಿನ್ನುವುದು. ಕ್ರಿಮಿನಾಶಕ ಔಷಧಗಳನ್ನು ಎರಡು ಕಡೆಯಲ್ಲಿಯೂ ಇಡದೆ, ಮಕ್ಕಳ ಕೈಗೆ ಸಿಕ್ಕದಂತೆ ಬೀಗವಿರುವ ಬೇರೆ ಪೆಟ್ಟಿಗೆಯಲ್ಲಿ ಇಡತಕ್ಕುದು. ದನಗಳನ್ನು ಈ ಮಾಡಿನ ಕೆಳಗೆ ಕಟ್ಟಿದರೆ ಗಂಜಲದ ಹಬೆಯಿಂದ ತಗಡಿನ ಆಯುಸ್ಸು ಕುಂದುವುದು.

2. ಅಗಲವೂ ಇಳಿಜಾರೂ

ಮಾಡಿನ ಅಗಲವನ್ನು ನಿರ್ಣಯಿಸತಕ್ಕುದು ಹಳೆಯ ಗೋಡೆಯ ಎತ್ತರವೇ ಹೊರತು ಆಸೆಯಲ್ಲ. ಈ ಮಾತು ತಿಳಿಯದೆ ಕಟ್ಟಿದ ಮಾಡುಗಳೇ ಹೆಚ್ಚಾಗಿ ಸೋರುವುವು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಉಗ್ರಾಣದ ಉದ್ದ 24 ಅಡಿ. ಅದರ ಸೂರು ಗೋಡೆಯಿಂದ ಒಂದೂವರೆ ಅಡಿ ಹೊರಚಾಚಿ ನೆಲದಿಂದ 9 ಅಡಿ ಎತ್ತರದಲ್ಲಿರುವುದು. ಹೊಸ ತಗಡಿನ ಮೇಲಂಚನ್ನು ಸೂರಿನ ಕೆಳಗೆ ತೂರಿಸಿ, ಗೋಡೆಯ ಬಳಿ ಎಂಟೂವರೆ ಅಡಿ ಎತ್ತರಕ್ಕೆ ಇಡಬಹುದು. ಹೊರಗಿನ ಕಂಬಗಳ ಸಾಲಿನ ಬಳಿ ತಗಡು ಆರೂವರೆ ಅಡಿಗಿಂತ ಕೆಳಗಿಳಿದರೆ ಮೂಟೆ ಹೊತ್ತವನ ತಲೆಗೆ ಬಡಿಯುವುದು. ಆದುದರಿಂದ ಇಳಿಯಲು ಇರುವ ಅವಕಾಶವು ಎರಡೇ ಅಡಿ. ಅಲೆತಗಡಿಗೆ ಐದು ಅಡಿ ಅಗಲಕ್ಕೆ ಒಂದು ಅಡಿಯಾದರೂ ಇಳಿಜಾರು ಬೇಕು. ಎರಡು ಅಡಿಯ ಇಳುವಿಕೆಗೆ ಹತ್ತು ಅಡಿಯ ಅಗಲವೇ ಮಿತಿಯಾಯಿತು.

ಇದೇ ಗೋಡೆಗೆ 14 ಅಡಿ ಅಗಲದ ಮಾಡು ಬೇಕೆಂದು ಹಟ ಹಿಡಿದರೆ ಎರಡರಲ್ಲಿ ಒಂದು ಕಷ್ಟವು ತಪ್ಪದು. ಇಳಿಜಾರನ್ನು ಉಳಿಸಿಕೊಂಡರೆ ಹೊರಗಿನ ಎತ್ತರವು ಆರು ಅಡಿಗೂ ಕಡಿಮೆಯಾಗುವುದು. ಎತ್ತರವನ್ನು ಉಳಿಸಿಕೊಂಡರೆ ಇಳಿಜಾರು ಏಳು ಅಡಿಗೆ ಒಂದು ಅಡಿಯಾಗಿ, ಬಿರುಗಾಳಿಯ ಮಳೆಯಲ್ಲಿ ನೀರು ತಗಡುಗಳ ಸಂದಿಗೆ ಹಿಂದಕ್ಕೆ ನುಗ್ಗುವುದು. ಅಷ್ಟು ಅಗಲದ ಜಾಗವು ನಿಜವಾಗಿ ಬೇಕಾದವರು ಹಳೆಯ ಗೋಡೆಗೆ ಅಂಟಿಸದೆ ಎರಡು ಇಳಿಜಾರಿನ ಬೇರೆ ಕೊಟ್ಟಿಗೆಯನ್ನೇ ಕಟ್ಟುವುದು ಮೇಲು.

ಮಗ್ಗುಲನ್ನು ಆರಿಸಿಕೊಳ್ಳುವ ಅನುಕೂಲವಿದ್ದರೆ ಉತ್ತರ ಅಥವಾ ಪೂರ್ವದ ಮಗ್ಗುಲು ಉತ್ತಮ. ಮುಂಗಾರಿನ ಇರಚಲು ಪಶ್ಚಿಮ ಮತ್ತು ನೈಋತ್ಯದಿಂದ ಬರುವಾಗ ಹಳೆಯ ಕಟ್ಟಡವೇ ಹೊಸದಕ್ಕೆ ಮರೆಯಾಗುವುದು.

3. ಕಂಬ, ತೊಲೆ, ಜಂತೆ

ಜಂತೆಗಳ ಮೇಲ್ತುದಿಯನ್ನು ಹಳೆಯ ಮಣ್ಣಿನ ಗೋಡೆಗೆ ತೂತು ಕೊರೆದು ಸಿಕ್ಕಿಸುವುದು ಸಾಮಾನ್ಯವಾದ ರೂಢಿ. ಇದು ಎರಡು ವಿಧದಲ್ಲಿ ತಪ್ಪು. ಮೊದಲನೆಯದಾಗಿ, ಗಾಳಿಯು ತಗಡನ್ನು ಎತ್ತಿದಾಗಲೆಲ್ಲಾ ಜಂತೆಯು ಗೋಡೆಯನ್ನು ಅಲುಗಿಸಿ ಬಿರುಕು ಬಿಡಿಸುವುದು. ಎರಡನೆಯದಾಗಿ, ಹೊಸ ಅಸ್ತಿಭಾರವು ಕಾಲಕ್ರಮದಲ್ಲಿ ಅಷ್ಟಿಷ್ಟು ಕುಸಿಯುವುದು. ಹಳೆಯದು ಆಗಲೇ ಕುಸಿದು ನಿಂತಿರುವುದು. ಎರಡನ್ನೂ ಬಿಗಿದರೆ ಒಂದು ಇನ್ನೊಂದನ್ನು ಸೀಳುವುದು. ಆದಕಾರಣ ಹಳೆಯ ಗೋಡೆಯ ಪಕ್ಕದಲ್ಲಿಯೇ ಒಂದು ಸಾಲು, ಹತ್ತು ಅಡಿ ಹೊರಗೆ ಒಂದು ಸಾಲು, ಹೀಗೆ ಎರಡು ಸಾಲು ಕಂಬಗಳನ್ನು ನೆಡತಕ್ಕುದು. 24 ಅಡಿಯ ಉದ್ದಕ್ಕೆ ಎಂಟೆಂಟು ಅಡಿಗೊಂದರಂತೆ ಸಾಲಿಗೆ ನಾಲ್ಕು, ಒಟ್ಟು ಎಂಟು ಕಂಬಗಳು ಸಾಕು. ಹೊಸ ಮಾಡು ತನ್ನ ಕಾಲಿನ ಮೇಲೆ ತಾನು ನಿಲ್ಲಬೇಕು.

ಬಯಲುಸೀಮೆಯಲ್ಲಿ ಸುಲಭವಾಗಿ ದೊರೆಯುವ ಕಲ್ಲುಕಂಬಗಳಿಗೆ ಗೆದ್ದಲಿನ ಭಯವಿಲ್ಲ. ಮರದ ಕಂಬವಾದರೆ ಅದನ್ನು ಮಣ್ಣಿನಲ್ಲಿ ಹೂಳದೆ, ಕಲ್ಲಿನ ಅಥವಾ ಕಾಂಕ್ರೀಟಿನ ಬುಡದ ಮೇಲೆ ಕಬ್ಬಿಣದ ಪಟ್ಟಿಯಿಂದ ಬಿಗಿದು ನಿಲ್ಲಿಸತಕ್ಕುದು. ಯಾವ ಕಂಬವಾದರೂ ಅದರ ಬುಡವು ಎರಡೂವರೆ ಅಡಿ ಆಳಕ್ಕೆ ಇಳಿದು, ಸುತ್ತಲೂ ಕಾಂಕ್ರೀಟು ತುಂಬಿರಬೇಕು. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ನಾಲ್ಕು ಅಡಿಗೊಂದರಂತೆ ಏಳು ಜಂತೆ, ಜಂತೆಗಳ ಮೇಲೆ ತಗಡು ಕೂಡುವ ಅಡ್ಡಪಟ್ಟಿ. ಅಡ್ಡಪಟ್ಟಿಗಳ ನಡುವೆ ಮೂರೂವರೆ ಅಡಿಗಿಂತ ಹೆಚ್ಚು ಅಂತರವಿರದಿದ್ದರೆ ತಗಡು ತಗ್ಗುವುದಿಲ್ಲ. ಕೆಳಗಿನ ಸೂರಿನ ಕಡೆ ಮತ್ತು ಮೇಲಂಚಿನ ಕಡೆ ಈ ಅಂತರವನ್ನು ಇನ್ನೂ ಕಡಿಮೆ ಮಾಡುವುದು ಒಳ್ಳೆಯದು. ಗಾಳಿಯು ಮೊದಲು ಕಿತ್ತೆತ್ತುವುದು ಅಂಚನ್ನೇ.

4. ತಗಡನ್ನು ಕೊಳ್ಳುವಾಗ

ಅಂಗಡಿಯಲ್ಲಿ ಎಲ್ಲ ತಗಡೂ ಒಂದೇ ಹೊಳಪಿನಿಂದ ಇರುವುದು. ಕೊಳ್ಳುವವನು ಎರಡು ವಿಷಯಗಳನ್ನು ಕೇಳತಕ್ಕುದು: ದಪ್ಪವೆಷ್ಟು, ಸತುವಿನ ಲೇಪವೆಷ್ಟು. ಉಗ್ರಾಣಕ್ಕೆ 0.63 ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ಅಲೆತಗಡು ತಕ್ಕುದು. ಒಂದು ಚದರ ಮೀಟರಿಗೆ ಎರಡೂ ಮುಖಗಳು ಸೇರಿ 120 ಗ್ರಾಂ ಸತುವುಳ್ಳ ತಗಡೂ ಉಂಟು, 275 ಗ್ರಾಂ ಸತುವುಳ್ಳದೂ ಉಂಟು. ಸತುವು ಹೆಚ್ಚಿದಷ್ಟೂ ತುಕ್ಕು ಹಿಡಿಯುವ ಕಾಲವು ಮುಂದಕ್ಕೆ ಹೋಗುವುದು. ಬೆಲೆಯಲ್ಲಿ ಕಾಣುವ ವ್ಯತ್ಯಾಸಕ್ಕಿಂತ ಬಾಳಿಕೆಯಲ್ಲಿ ಕಾಣುವ ವ್ಯತ್ಯಾಸವು ದೊಡ್ಡದು.

ಮೇಲಿನ ಉದಾಹರಣೆಯ ಮಾಡಿಗೆ ಲೆಕ್ಕವು ಹೀಗೆ. ಉದ್ದದಲ್ಲಿ ಎರಡು ಕಡೆಗೂ ಒಂದೊಂದು ಅಡಿ ಚಾಚು ಸೇರಿಸಿ 26 ಅಡಿ. ಪಕ್ಕದ ತಗಡಿನ ಮೇಲೆ ಏರಿದ ಭಾಗ ಕಳೆದು ಒಂದು ತಗಡು ಎರಡು ಅಡಿಯನ್ನು ಮುಚ್ಚುವುದಾದರೆ 13 ತಗಡುಗಳು. ಅಗಲದಲ್ಲಿ ಹತ್ತು ಅಡಿಯೂ ಸೂರಿನ ಚಾಚು ಒಂದು ಅಡಿಯೂ ಸೇರಿ, ಇಳಿಜಾರಿನ ಮೇಲೆ ಅಳೆದರೆ ಹನ್ನೊಂದೂಕಾಲು ಅಡಿಯಾಗುವುದು. 12 ಅಡಿಯ ಒಂದೇ ತಗಡನ್ನು ಹಾಕಿದರೆ ನಡುವೆ ಸಂದಿಯೇ ಇರದು. ಆರಾರು ಅಡಿಯ ಎರಡು ತಗಡುಗಳಾದರೆ ಮೇಲಿನದು ಕೆಳಗಿನದರ ಮೇಲೆ ಆರು ಅಂಗುಲವಾದರೂ ಏರಿರಬೇಕು.

ಕೊಂಡು ತಂದ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ ಮಳೆಯಲ್ಲಿ ಬಿಡಬಾರದು. ನಡುವೆ ನೀರು ನಿಂತರೆ ಸತುವು ಬಿಳಿಯ ಪುಡಿಯಾಗಿ ಹೋಗುವುದು; ಹೊದಿಸುವ ಮೊದಲೇ ತಗಡಿನ ಆಯುಸ್ಸು ಅರ್ಧವಾದಂತೆ.

5. ಗಾಳಿಯ ಬಲವೂ ಹೊದಿಸುವ ಕ್ರಮವೂ

ಮೇಲಿನ ಹದಿಮೂರು ತಗಡುಗಳ ಒಟ್ಟು ತೂಕವು ಸುಮಾರು 200 ಕಿಲೋಗ್ರಾಂ. ಅಶ್ವಿನಿ ಭರಣಿಯ ಕಾಲದ ಗುಡುಗುಮಳೆಯಲ್ಲಿ ಗಾಳಿಯು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಬೀಸಿದರೆ ಒಂದು ಚದರ ಮೀಟರಿಗೆ ಸುಮಾರು 47 ಕಿಲೋಗ್ರಾಮಿನ ಒತ್ತಡ ಉಂಟಾಗುವುದು. ಮಾಡಿನ ಮೇಲೆ ಹಾಯುವ ಗಾಳಿಯು ತಗಡನ್ನು ಹೀರಿ ಎತ್ತುವುದು. ತೆರೆದ ಮುಂಭಾಗದಿಂದ ಒಳನುಗ್ಗಿದ ಗಾಳಿಯು ಕೆಳಗಿನಿಂದ ನೂಕುವುದು. ಹೀಗೆ ಈ ಸಣ್ಣ ಮಾಡನ್ನು ಎತ್ತುವ ಬಲವು ಸಾವಿರ ಕಿಲೋಗ್ರಾಮಿಗೂ ಮಿಕ್ಕಬಹುದು, ಎಂದರೆ ತಗಡಿನ ತೂಕದ ಐದಾರು ಪಟ್ಟು. ತಗಡಿನ ಮೇಲೆ ನಾಲ್ಕು ಗುಂಡುಕಲ್ಲು ಹೇರಿ ನಿಶ್ಚಿಂತೆಯಿಂದ ಇರುವವರು ಈ ಲೆಕ್ಕವನ್ನು ಯೋಚಿಸಬೇಕು. ಅಂಥ ಕಲ್ಲು ಗಾಳಿಯನ್ನು ತಡೆಯದು. ತಗಡಿನೊಡನೆ ಉರುಳಿ ಕೆಳಗಿದ್ದವರ ಮೇಲೆ ಬೀಳುವುದು.

ತಗಡನ್ನು ಅಡ್ಡಪಟ್ಟಿಗೂ, ಅಡ್ಡಪಟ್ಟಿಯನ್ನು ಜಂತೆಗೂ, ಜಂತೆಯನ್ನು ತೊಲೆಗೂ, ತೊಲೆಯನ್ನು ಕಂಬಕ್ಕೂ, ಕಂಬವನ್ನು ನೆಲಕ್ಕೂ ಬಿಗಿದಿರಬೇಕು. ಈ ಐದು ಕಟ್ಟುಗಳಲ್ಲಿ ಒಂದು ಸಡಿಲವಾದರೂ ಉಳಿದ ನಾಲ್ಕು ವ್ಯರ್ಥ. ಜಂತೆ ತೊಲೆಗಳ ಕೂಡುಗಳಿಗೆ ಬರಿಯ ಮೊಳೆಯನ್ನು ನಂಬದೆ ಕಬ್ಬಿಣದ ಪಟ್ಟಿಯನ್ನು ಸುತ್ತಿ ಬೋಲ್ಟು ಹಾಕತಕ್ಕುದು.

ತಗಡನ್ನು ಹೊದಿಸಲು ಗಾಳಿಯ ಎದುರು ತುದಿಯಿಂದ ಆರಂಭಿಸಬಾರದು. ಪಶ್ಚಿಮದ ಗಾಳಿಯ ಸೀಮೆಯಲ್ಲಿ ಪೂರ್ವದ ತುದಿಯಿಂದ ಮೊದಲುಮಾಡಿ, ಮುಂದಿನ ತಗಡನ್ನು ಹಿಂದಿನದರ ಮೇಲೆ ಒಂದೂವರೆಯಿಂದ ಎರಡು ಅಲೆಯಷ್ಟು ಏರಿಸುತ್ತಾ ಪಶ್ಚಿಮಕ್ಕೆ ಸಾಗತಕ್ಕುದು. ಆಗ ಸಂದಿಯ ಬಾಯಿ ಗಾಳಿಗೆ ಬೆನ್ನು ತಿರುಗಿಸಿರುವುದು. ತೂತನ್ನು ಅಲೆಯ ತಗ್ಗಿನಲ್ಲಿ ಕೊರೆಯದೆ ಅಲೆಯ ಬೆನ್ನಿನ ಮೇಲೆ ಕೊರೆಯಬೇಕು. ನೀರು ಹರಿಯುವುದು ತಗ್ಗಿನಲ್ಲಿ. ಕೊಕ್ಕೆ ಬೋಲ್ಟಿನ ಕೆಳಗೆ ಕಬ್ಬಿಣದ ವಾಷರೂ ಅದರ ಕೆಳಗೆ ಡಾಂಬರಿನ ವಾಷರೂ ಇರಲೇಬೇಕು. ಬೋಲ್ಟನ್ನು ಅಲೆಯು ಚಪ್ಪಟೆಯಾಗುವಷ್ಟು ತಿರುಗಿಸಬಾರದು. ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸಿಬಿಡಬೇಕು; ಅದು ತುಕ್ಕು ಹಿಡಿದು ತಗಡಿಗೂ ಹತ್ತಿಸುವುದು.

6. ಹಳೆಯ ಗೋಡೆಯನ್ನು ಕೂಡುವ ಕಡೆ

ಹಣವೂ ಬುದ್ಧಿಯೂ ಹೆಚ್ಚಾಗಿ ಬೇಕಾದುದು ಇಲ್ಲಿಯೇ. ಇದರಲ್ಲಿ ಮೂರು ಸಂದರ್ಭಗಳುಂಟು.

ಮೊದಲನೆಯದು, ಹಳೆಯ ಸೂರಿನ ಕೆಳಗೆ ತಗಡು ತೂರಿಕೊಳ್ಳುವ ಸಂದರ್ಭ. ಇದು ಎಲ್ಲಕ್ಕಿಂತ ಕ್ಷೇಮ. ಹೆಂಚಿನಿಂದ ಸುರಿದ ನೀರು ಗೋಡೆಯಿಂದ ಒಂದೂವರೆ ಅಡಿ ಹೊರಗೆ ತಗಡಿನ ಮೇಲೆ ಬಿದ್ದು ಕೆಳಗೆ ಹರಿದುಹೋಗುವುದು. ಸೂರಿಗೂ ತಗಡಿಗೂ ನಡುವೆ ಒಂದು ಗೇಣಿನಷ್ಟು ಎಡೆ ಬಿಟ್ಟರೆ ಗಾಳಿಯೂ ಆಡುವುದು, ಹೆಂಚು ತಿರುವಿಹಾಕುವವನ ಕೈಯೂ ಹೋಗುವುದು. ಈ ಎಡೆಗೆ ಇಲಿ ನುಸುಳದಂತೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆಯತಕ್ಕುದು.

ಎರಡನೆಯದು, ಸೂರಿಲ್ಲದ ಮಗ್ಗುಲಿನ ಇಟ್ಟಿಗೆ ಅಥವಾ ಕಲ್ಲುಗೋಡೆ. ಇಲ್ಲಿ ಗೋಡೆಗೂ ತಗಡಿಗೂ ನಡುವಣ ಸಂದಿಗೆ ಗಾರೆಯನ್ನು ಮೆತ್ತಿ ಕೈತೊಳೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ತಗಡು ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವುದರಿಂದ ಗಾರೆಯು ಕೆಲವು ವಾರಗಳಲ್ಲಿಯೇ ಬಿರಿಯುವುದು. ಬಿರಿದ ಗೆರೆಯುದ್ದಕ್ಕೂ ನೀರು ಒಳಗಿಳಿಯುವುದು. ಸರಿಯಾದ ಕ್ರಮವು ಹೀಗೆ: ತಗಡಿನ ಮೇಲಂಚಿಗಿಂತ ಆರು ಅಂಗುಲ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಒಂದೂವರೆ ಅಂಗುಲ ಆಳದ ಗಾಡಿಯನ್ನು ತೋಡಬೇಕು. ಸಪಾಟಾದ ಸತುವಿನ ತಗಡಿನ ಪಟ್ಟಿಯನ್ನು ಬಗ್ಗಿಸಿ, ಅದರ ಒಂದು ಅಂಚನ್ನು ಆ ಗಾಡಿಯೊಳಗೆ ಸೇರಿಸಿ, ಇನ್ನೊಂದು ಅಂಚು ಅಲೆತಗಡಿನ ಮೇಲೆ ಆರು ಅಂಗುಲವಾದರೂ ಇಳಿದಿರುವಂತೆ ಬಿಡಬೇಕು. ಪಟ್ಟಿಯನ್ನು ಗೋಡೆಯಲ್ಲಿ ಮಾತ್ರ ಬಿಗಿದು, ಕೆಳಗಿನ ಅಲೆತಗಡಿಗೆ ಬಿಗಿಯದಿದ್ದರೆ ಎರಡೂ ತಮ್ಮತಮ್ಮಷ್ಟಕ್ಕೆ ಹಿಗ್ಗಿ ಕುಗ್ಗಬಹುದು. ಹಸಿಯ ಸುಣ್ಣವೂ ಸಿಮೆಂಟೂ ಸತುವನ್ನು ತಿನ್ನುವುದರಿಂದ ಗಾಡಿಯೊಳಕ್ಕೆ ಹೋಗುವ ಅಂಚಿಗೆ ಮೊದಲು ಡಾಂಬರು ಬಳಿಯತಕ್ಕುದು.

ಮೂರನೆಯದು, ಸೂರಿಲ್ಲದ ಮಣ್ಣಿನ ಗೋಡೆ. ಮಣ್ಣಿನಲ್ಲಿ ತೋಡಿದ ಗಾಡಿಯು ತಗಡಿನ ಪಟ್ಟಿಯನ್ನು ಹಿಡಿದು ನಿಲ್ಲಿಸಲಾರದು. ಇಂಥ ಕಡೆ ಒಂದು ಗೇಣು ಹೊರಚಾಚುವಂತೆ ಕಲ್ಲುಚಪ್ಪಡಿಗಳ ಸಾಲನ್ನು ಗೋಡೆಯೊಳಗೆ ಕೂಡಿಸಿ, ಹೊರಕ್ಕೆ ತುಸು ಇಳಿಜಾರಾಗಿಟ್ಟು, ಅದರ ಕೆಳಗೆ ತಗಡನ್ನು ತೂರಿಸುವುದೇ ಉಪಾಯ. ಚಪ್ಪಡಿಗಳ ಸಂದಿಗಳಿಗೆ ಗಾರೆ ತುಂಬಿ, ಮೇಲಿನ ಗೋಡೆಗೂ ಗಾರೆ ಬಳಿಯತಕ್ಕುದು. ಇದಕ್ಕೆ ಅವಕಾಶವಿಲ್ಲದಿದ್ದರೆ ಆ ಮಗ್ಗುಲಿಗೆ ಮಾಡನ್ನು ಕೂಡಿಸದೆ ನಾಲ್ಕು ಅಡಿ ದೂರ ಬಿಟ್ಟು ಕಟ್ಟುವುದು ಲೇಸು.

7. ಸೂರಿನ ನೀರು

ಈ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 675 ಲೀಟರು ನೀರು ಸೂರಿನಿಂದ ಸುರಿಯುವುದು. ಹಳೆಯ ಹೆಂಚಿನ ನೀರೂ ಇದರ ಮೇಲೆಯೇ ಬೀಳುವುದಾದರೆ ಇನ್ನೂ ಹೆಚ್ಚು. ಅದು ಕಂಬಗಳ ಬುಡದಲ್ಲಿಯೇ ಬಿದ್ದರೆ ಮಣ್ಣು ಕೊಚ್ಚಿಹೋಗುವುದು. ತಗಡಿನ ದೋಣಿಯನ್ನು ಕಟ್ಟಿ ನೀರನ್ನು ಒಂದು ಕಡೆಗೆ ಹರಿಸಿದರೆ ಕಟ್ಟಡಕ್ಕೂ ಕ್ಷೇಮ, ತೊಟ್ಟಿಗೂ ನೀರು. ವರ್ಷಕ್ಕೆ 20 ಅಂಗುಲ ಮಳೆಯಾಗುವ ಸೀಮೆಯಲ್ಲಿಯೂ ಈ ಸಣ್ಣ ಮಾಡಿನ ಮೇಲೆ ಬೀಳುವ ನೀರು 13,000 ಲೀಟರಿಗೆ ಮಿಕ್ಕುವುದು.

ಗ್ರಾಮದ ಯಜಮಾನರು ಗಮನಿಸಬೇಕಾದ ವಿಷಯವೊಂದುಂಟು. ಸೂರಿನ ನೀರು ನೆರೆಯವನ ಗೋಡೆಗೆ ಬಿದ್ದು ಹುಟ್ಟಿದ ಮನಸ್ತಾಪವು ತಂದೆಯ ಕಾಲದಿಂದ ಮಕ್ಕಳ ಕಾಲದವರೆಗೆ ನಡೆಯುವುದನ್ನು ಹಳ್ಳಿಗಳಲ್ಲಿ ಕಾಣಬಹುದು. ಕಂಬ ನೆಡುವ ಮೊದಲೇ ಸೂರಿನ ತುದಿಯಿಂದ ನೂಲು ಇಳಿಬಿಟ್ಟು, ನೀರು ಬೀಳುವ ಗೆರೆಯನ್ನು ನೆರೆಯವನ ಎದುರಿನಲ್ಲಿಯೇ ನೆಲದ ಮೇಲೆ ಗುರುತು ಮಾಡಿಸಿದರೆ ಮುಂದಿನ ವ್ಯಾಜ್ಯವು ತಪ್ಪುವುದು.

ಹೊಸ ನೆಲವು ಹೊರಗಿನ ನೆಲಕ್ಕಿಂತ ಒಂದು ಅಡಿ ಎತ್ತರವಾಗಿಯೂ ಹಳೆಯ ಉಗ್ರಾಣದ ನೆಲಕ್ಕಿಂತ ಆರು ಅಂಗುಲ ತಗ್ಗಾಗಿಯೂ, ಹೊರಕ್ಕೆ ಇಳಿಜಾರಾಗಿಯೂ ಇರಬೇಕು. ಆಗ ಒಳಗೆ ಇರಚಲು ಬಿದ್ದರೂ ಧಾನ್ಯದ ಕಡೆಗೆ ಹರಿಯದು.

8. ತಗಡಿನ ಬೆವರು

ಮಾಗಿಯ ಕಾಲದಲ್ಲಿ ಮಳೆಯಿಲ್ಲದಿದ್ದರೂ ಬೆಳಗಿನ ಜಾವದಲ್ಲಿ ತಗಡಿನ ಒಳಮುಖದಿಂದ ಹನಿಗಳು ತೊಟ್ಟಿಕ್ಕುವುವು. ಇದನ್ನು ಸೋರಿಕೆಯೆಂದು ತಿಳಿದು ಕೆಲವರು ಮತ್ತೆ ಡಾಂಬರು ಮೆತ್ತುವರು. ರಾತ್ರಿ ತಣ್ಣಗಾದ ತಗಡಿಗೆ ಒಳಗಿನ ಗಾಳಿಯ ತೇವವು ತಗುಲಿ ನೀರಾಗುವುದೇ ಇದಕ್ಕೆ ಕಾರಣ. ಮೇಲಂಚಿನಲ್ಲಿ ಗಾಳಿಗೆ ಎಡೆ ಬಿಟ್ಟರೆ ಇದು ಬಹುಮಟ್ಟಿಗೆ ಕಡಿಮೆಯಾಗುವುದು. ಸುಗ್ಗಿಯ ಒತ್ತಡದಲ್ಲಿ ಕೆಲವು ದಿನ ಧಾನ್ಯವನ್ನು ಇಲ್ಲಿಯೇ ಇಡಬೇಕಾಗಿ ಬಂದರೆ, ಚೀಲಗಳನ್ನು ನೆಲದಿಂದ ಆರು ಅಂಗುಲ ಎತ್ತರದ ಹಲಗೆಗಳ ಮೇಲೆ, ಗೋಡೆಯಿಂದ ಎರಡು ಅಡಿ ದೂರದಲ್ಲಿ ಪೇರಿಸಿ, ಮೇಲೆ ಬಿದಿರಿನ ತಟ್ಟಿಯನ್ನು ಕಟ್ಟತಕ್ಕುದು. ಚೆನ್ನಾಗಿ ಒಣಗದ ಧಾನ್ಯವು ಯಾವ ಮಾಡಿನ ಕೆಳಗೂ ಉಳಿಯದು. ಅದರ ತೇವವು ಶೇಕಡಾ 12ಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬತಕ್ಕುದು.

9. ವರ್ಷಕ್ಕೊಮ್ಮೆ ನೋಡತಕ್ಕುದು

ಯುಗಾದಿಯ ಸುಮಾರಿಗೆ, ಅಶ್ವಿನಿ ಮಳೆಗೆ ಮುಂಚೆ, ಒಂದು ದಿನವನ್ನು ಇದಕ್ಕಾಗಿ ಮೀಸಲಿಡತಕ್ಕುದು. ಸಡಿಲವಾದ ಬೋಲ್ಟನ್ನು ಬಿಗಿಮಾಡಿ, ಒಡೆದ ವಾಷರನ್ನು ಬದಲಾಯಿಸಿ, ದೋಣಿಯಲ್ಲಿ ತುಂಬಿದ ತರಗೆಲೆಯನ್ನು ತೆಗೆಯಬೇಕು. ತಗಡಿನ ಮೇಲೆ ನೇರವಾಗಿ ಕಾಲಿಡದೆ ಅಡ್ಡಪಟ್ಟಿಗಳಿಗೆ ಆನುವಂತೆ ಹಲಗೆಯನ್ನು ಹಾಸಿ ನಡೆಯಬೇಕು. ಮೊದಲನೆಯ ದೊಡ್ಡ ಮಳೆ ಬಂದ ಮರುದಿನ ಹಳೆಯ ಉಗ್ರಾಣದೊಳಗೆ ಹೋಗಿ, ಆ ಮಗ್ಗುಲಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ಕೈಗೆ ತಂಪು ತಗುಲಿದರೆ ಚೀಲಗಳನ್ನು ಅಂದೇ ಅತ್ತ ಸರಿಸಿ, ಕೂಡುಗಡೆಯನ್ನು ಸರಿಪಡಿಸತಕ್ಕುದು. ನಾಳೆ ನೋಡೋಣವೆಂದರೆ ಮುಗ್ಗು ಕಾಯುವುದಿಲ್ಲ.

ಮುಖ್ಯಾಂಶಗಳು

(1) ಹಳೆಯ ಉಗ್ರಾಣವು ಧಾನ್ಯಕ್ಕೆ. ತಗಡಿನ ಮಾಡು ಸಾಮಾನಿಗೆ.
(2) ಐದು ಅಡಿ ಅಗಲಕ್ಕೆ ಒಂದು ಅಡಿಯಾದರೂ ಇಳಿಜಾರು; ಗೋಡೆಯ ಎತ್ತರಕ್ಕೆ ತಕ್ಕ ಅಗಲ.
(3) ಹೊಸ ಮಾಡಿನ ಭಾರವು ಹಳೆಯ ಗೋಡೆಯ ಮೇಲೆ ಬೀಳಕೂಡದು.
(4) ತಗಡಿನಿಂದ ನೆಲದವರೆಗಿನ ಐದು ಕಟ್ಟುಗಳೂ ಬಿಗಿಯಾಗಿರಬೇಕು. ಕಲ್ಲು ಹೇರಿ ಸಾಕೆನ್ನಬಾರದು.
(5) ಕೂಡುಗಡೆಗೆ ಬರಿಯ ಗಾರೆ ಸಾಲದು. ಸೂರು, ತಗಡಿನ ಪಟ್ಟಿ ಅಥವಾ ಕಲ್ಲುಚಪ್ಪಡಿಯ ಮರೆ ಬೇಕು.
(6) ಸೂರಿನ ನೀರಿನ ಗೆರೆಯನ್ನು ನೆರೆಯವನ ಎದುರಿನಲ್ಲಿ ಮೊದಲೇ ಗುರುತು ಮಾಡತಕ್ಕುದು.

ಈ ಕ್ರಮದಲ್ಲಿ ಊರಿನಲ್ಲಿ ಒಬ್ಬರಾದರೂ ಒಂದು ಮಾಡನ್ನು ಕಟ್ಟಿ, ಒಂದು ಮಳೆಗಾಲ ಕಳೆದ ಮೇಲೆ ಉಗ್ರಾಣದ ಬಾಗಿಲನ್ನು ತೆರೆದು ನೆರೆಯವರಿಗೆ ತೋರಿಸಲಿ. ಒಣಗಿದ ಗೋಡೆಯನ್ನೂ ಕೆಡದ ರಾಗಿಯನ್ನೂ ಕಂಡವರಿಗೆ ಮತ್ತೊಂದು ಉಪನ್ಯಾಸದ ಅಗತ್ಯವಿರಲಾರದು.